ವ್ಯಾನಿನಲ್ಲಿ ಅತ್ತೆ, ಬೆಟ್ಟದಲ್ಲಿ ಹಿಮ

ಅತ್ತೆ ಸೊಸೆಯ ನಡುವೆ ಒಂದು ಗೋಡೆಯಾದರೂ ಇರಬೇಕು ಎಂದು ನಮ್ಮಮ್ಮ ಹೇಳುತ್ತಿದ್ದಳು. ಕೊರೋನಾ ಕಾಲದ ಒಂದು ಚಳಿಗಾಲ ಪೂರ್ತಿ ನನಗೂ ನಮ್ಮತ್ತೆಗೂ ನಡುವೆ ಇದ್ದದ್ದು ಒಂದು ಹೂವಿನ ಬೆಡ್‌ಶೀಟು ಮಾತ್ರ. ಅದರ ಆ ಕಡೆ ಅವರ ಹಾಸಿಗೆ, ಈ ಕಡೆ ನನ್ನದು, ಕಾಲ ಬುಡದಲ್ಲಿ ಗ್ಯಾಸ್ ಒಲೆ, ತಲೆಯ ಮೇಲೆ ಕೈಗೆಟುಕುವ ತಗಡಿನ ಸೂರು. ಡಬ್ಲಿನ್ನಿನ ದಕ್ಷಿಣಕ್ಕೆ, ವಿಕ್ಲೋ ಬೆಟ್ಟಗಳ ಬುಡದಲ್ಲಿ, ಒಬ್ಬ ಕುರಿ ಸಾಕುವವನ ಅಂಗಳದಲ್ಲಿ ನಿಂತಿದ್ದ ವ್ಯಾನು ಅದು. ಈಗ ಯಾರಿಗಾದರೂ ಹೇಳಿದರೆ ‘ಅಯ್ಯೋ ಪಾಪ’ ಅನ್ನುತ್ತಾರೆ. ಪಾಪ ಅತ್ತೆಗೋ ನನಗೋ ಎಂದು ನಾನು ಕೇಳಲು ಹೋಗುವುದಿಲ್ಲ.

ವ್ಯಾನು ಕೊಂಡದ್ದು ಅದರಲ್ಲಿ ಸಂಸಾರ ಹೂಡಲಿಕ್ಕಲ್ಲ. ನನಗೂ ನನ್ನ ಗಂಡನಿಗೂ ಸ್ನೋಬೋರ್ಡಿನ ಹುಚ್ಚು. ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು, ಅಡ್ಡಕ್ಕೆ ನಿಂತು, ಹಿಮದ ಇಳಿಜಾರಿನಲ್ಲಿ ಜಾರುವ ಆಟ. ಐರ್ಲೆಂಡಿನಲ್ಲಿ ಮಳೆಗೆ ಬರವಿಲ್ಲ. ಹಿಮ ಮಾತ್ರ ಅವಸರದ ನೆಂಟರ ಹಾಗೆ, ಬಂದರೂ ಊಟಕ್ಕೆ ನಿಲ್ಲುವುದಿಲ್ಲ. ಹಾಗಾಗಿ ನಾವು ಕಲಿತದ್ದು ಡಬ್ಲಿನ್ನಿನ ಅಂಚಿನ ಗುಡ್ಡವೊಂದರಲ್ಲಿ, ಬ್ರಷ್ಷಿನಂತೆ ಚುಚ್ಚುವ ಪ್ಲಾಸ್ಟಿಕ್ ಚಾಪೆಯ ಮೇಲೆ. ನಿಜವಾದ ಹಿಮದ ಮೇಲೆ ನಾನು ಒಮ್ಮೆಯೂ ಜಾರಿರಲಿಲ್ಲ. ಒಂದು ಚಳಿಗಾಲ ರಜೆ ಹಾಕಿ, ವ್ಯಾನಿನಲ್ಲೇ ಮಲಗುತ್ತಾ ಏಳುತ್ತಾ ಆಲ್ಪ್ಸ್ ಬೆಟ್ಟಗಳಲ್ಲಿ ಆಡಬೇಕೆಂಬುದು ನಮ್ಮ ಆಸೆ. ವ್ಯಾನು ಮಾರಿದವನು ಈ ಕುರಿ ಯಜಮಾನನೇ, ಅದರಲ್ಲಿ ಅವನು ಮೇವು ಸಾಗಿಸುತ್ತಿದ್ದ. ನನ್ನ ಗಂಡ ಶನಿವಾರ ಭಾನುವಾರ ಕೂತು ಮರ ಕೊಯ್ದು ಹಾಸಿಗೆ, ಕಪಾಟು, ಡೀಸೆಲ್ ಹೀಟರು ಎಲ್ಲ ಕೂರಿಸಿದ. ಒಣಹುಲ್ಲಿನ ವಾಸನೆ ಮಾತ್ರ ಕೊನೆಗೂ ಹೋಗಲಿಲ್ಲ.

ಅಷ್ಟರಲ್ಲಿ ಕೊರೋನಾ ಬಂತು. ನಮ್ಮತ್ತೆ ಮಗನ ಕೈಹಿಡಿದುಕೊಂಡು ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ಮಗ ಅವರನ್ನು ನನ್ನ ಹತ್ತಿರ ಬಿಟ್ಟು, ಆಫೀಸಿನ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ. ವಿಮಾನಗಳು ನಿಂತವು. ಅಮ್ಮ ಇಲ್ಲಿ, ಮಗ ಅಲ್ಲಿ. ವಿಮಾನ ಮತ್ತೆ ಶುರುವಾಗುವ ಹೊತ್ತಿಗೆ ಇಲ್ಲಿ ವಾಸಿಸಲು ಅವನಿಗಿದ್ದ ಪರವಾನಗಿ ಕಾರ್ಡಿನ ಅವಧಿ ಮುಗಿದಿತ್ತು, ಹೊಸ ವೀಸಾ ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಜೊತೆಗೆ ಉಬ್ಬಸ. ಒಬ್ಬರೇ ವಿಮಾನ ಹತ್ತುವುದು, ನಡುದಾರಿಯಲ್ಲಿ ಇಳಿದು ಇನ್ನೊಂದು ವಿಮಾನ ಹುಡುಕುವುದು ಎಂದರೆ ಅವರಿಗೆ ಕೈಕಾಲು ತಣ್ಣಗಾಗುತ್ತಿತ್ತು.

ಅತ್ತೆ ಕೆಟ್ಟವರೇನಲ್ಲ. ಆದರೆ ಅವರ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಗನಿಗೆ ವಿಡಿಯೋ ಕಾಲ್, ಅದರಲ್ಲಿ ನನ್ನ ಹಿಂದಿನ ದಿನದ ಪೂರ್ತಿ ವರದಿ. “ಇವಳು ರಾತ್ರಿ ಬರೀ ಬ್ರೆಡ್ ತಿಂದು ಮಲಗಿದ್ಲು ಕಣೋ.” “ತಲೆ ಒದ್ದೆ ಇಟ್ಕೊಂಡೇ ಹೊರಗೆ ಹೋದ್ಲು ಕಣೋ.” ಸಂಜೆ ಅವನು ನನಗೆ ಫೋನು ಮಾಡಿ ಅದನ್ನೇ ತಿರುಗಿ ಒಪ್ಪಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಮಾತಾಡುವ ಹೆಂಗಸು ನಕ್ಕರೆ ಮಾತ್ರ ಸದ್ದೇ ಬರುತ್ತಿರಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಭುಜ ಕುಲುಕಿಸಿದರೆ ಮುಗಿಯಿತು, ಅದೇ ನಗು. “ಅಮ್ಮ ಗಟ್ಟಿಯಾಗಿ ನಕ್ಕಿದ್ದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ” ಎಂದು ಮದುವೆಯಾದ ಹೊಸದರಲ್ಲೇ ನನ್ನ ಗಂಡ ಹೇಳಿದ್ದ.

ಆಗ ನಾವು ಡಬ್ಲಿನ್ನಿನ ಹೊರವಲಯದ ಲೂಕನ್‌ನಲ್ಲಿ ಕೇರಳದ ನರ್ಸ್ ದಂಪತಿಯ ಜೊತೆ ಒಂದು ಮನೆ ಹಂಚಿಕೊಂಡಿದ್ದೆವು. ಆಯುಧಪೂಜೆ ಬಂತು. ಅತ್ತೆ ಬೆಳ್ಳಿಯ ಕುಂಕುಮದ ಭರಣಿ ಹಿಡಿದು ಹೊರಟರು. ಮಾವ ಹೋದ ಮೇಲೆ ಅವರು ಕುಂಕುಮ ಇಟ್ಟುಕೊಳ್ಳುತ್ತಿರಲಿಲ್ಲ, ಆದರೆ ಆ ಭರಣಿ ಅವರು ಹೋದಲ್ಲೆಲ್ಲ ಹೋಗುತ್ತಿತ್ತು. ತಮ್ಮ ಹಣೆಗೆ ಇಲ್ಲದ್ದನ್ನು ಕಂಡದ್ದಕ್ಕೆಲ್ಲ ಇಡುವ ಉತ್ಸಾಹ. ನನ್ನ ಲ್ಯಾಪ್‌ಟಾಪು, ಮಿಕ್ಸಿ, ಮನೆ ಮುಂದಿನ ವ್ಯಾನು ಎಲ್ಲಕ್ಕೂ ಬೊಟ್ಟು ಬಿತ್ತು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅಂಗೈ ತುಂಬ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನನ್ನ ಸ್ನೋಬೋರ್ಡಿನ ತಳಕ್ಕೆ ಬಳಿದಿಟ್ಟಿದ್ದರು. ತಳವೆಂದರೆ ಜಾರುವ ಮೈ. ಇಸ್ತ್ರಿಪೆಟ್ಟಿಗೆಯಲ್ಲಿ ಮೇಣ ಕರಗಿಸಿ ಹಚ್ಚಿ, ಕೆರೆದು, ನುಣ್ಣಗೆ ಇಟ್ಟುಕೊಳ್ಳಬೇಕಾದ ಜಾಗ.

“ಇದೇನು ಮಾಡಿದ್ರಿ ಅತ್ತೆ!” ಎಂದು ಕೂಗಿದೆ.

“ವಾಹನ ಅಂದ್ಮೇಲೆ ಪೂಜೆ ಬೇಡ್ವೇನೆ? ನಾಳೆ ಬಿದ್ದು ಕಾಲು ಮುರ್ಕೊಂಡ್ರೆ ನನ್ನ ಮಗನಿಗೆ ನಾನೇನು ಹೇಳ್ಲಿ?”

ಸುಮ್ಮನಿರುವ ಜಾಯಮಾನ ನನ್ನದಲ್ಲ. ಕುಂಕುಮವನ್ನೆಲ್ಲ ಒರೆಸಿ, ಅವರು ಸೀರೆಗೆ ಇಟ್ಟುಕೊಂಡಿದ್ದ ಇಸ್ತ್ರಿಪೆಟ್ಟಿಗೆಯಲ್ಲೇ ಬೋರ್ಡಿಗೆ ಮೇಣ ಹಾಕಿದೆ. ಮರುದಿನ ಅವರ ಸೀರೆಗೆ ಅಂಗೈಯಗಲದ ಮೇಣದ ಕಲೆ ಬಿತ್ತು. ಆ ವಾರ ಮನೆಯಲ್ಲಿ ಮಾತಾಡಿದ್ದು ಕುಕ್ಕರು ಮಾತ್ರ.

ಡಿಸೆಂಬರಿನಲ್ಲಿ ನರ್ಸ್ ದಂಪತಿಯ ವಾರ್ಡುಗಳಲ್ಲಿ ಕೊರೋನಾ ಹೆಚ್ಚಾಯಿತು. ಒಂದು ದಿನ ಆಕೆಯೇ ಮೆಟ್ಟಿಲ ಕೆಳಗೆ ನಿಂತು, ಮಾಸ್ಕಿನೊಳಗಿಂದ, ಅಮ್ಮನನ್ನು ಇಲ್ಲಿ ಇಟ್ಟುಕೊಳ್ಳಬೇಡ, ನಮ್ಮಿಂದ ಅವರಿಗೆ ಅಂಟಿದರೆ ಕಷ್ಟ ಎಂದಳು. ಬಾಡಿಗೆ ಮನೆ ನೋಡೋಣವೆಂದರೆ ಬಾಗಿಲು ತೆಗೆದು ತೋರಿಸುವವರೂ ಇಲ್ಲದ ಕಾಲ. ನನಗೆ ನೆನಪಾದದ್ದು ಕುರಿ ಯಜಮಾನ. ಅರವತ್ತು ದಾಟಿದ ಬ್ರಹ್ಮಚಾರಿ, ಬೆಟ್ಟದ ಬುಡದಲ್ಲಿ ಒಬ್ಬನೇ ಇದ್ದ. ಫೋನು ಮಾಡಿದೆ. “ಗ್ರಾಂಡ್” ಎಂದ, ಐರಿಷರ ಬಾಯಲ್ಲಿ ಹಾಗೆಂದರೆ ‘ಅಡ್ಡಿಯಿಲ್ಲ, ಆಗಲಿ’. ಅಂಗಳದಲ್ಲಿ ನಲ್ಲಿ, ಶೆಡ್ಡಿನ ಪಕ್ಕ ಕಕ್ಕಸು, ಶೆಡ್ಡಿನಿಂದ ಎಳೆದ ಕರೆಂಟು. ಎರಡು ವಾರಕ್ಕೆಂದು ಹೋದವರು ಚಳಿಗಾಲ ಪೂರ್ತಿ ಅಲ್ಲೇ ಉಳಿದೆವು.

ಯಜಮಾನ ಹಾಕಿದ್ದು ಒಂದೇ ಷರತ್ತು. ಕುರಿಗಳೆಲ್ಲ ಗಬ್ಬವಾಗಿವೆ, ಹಿಂದಿನ ಚಳಿಗಾಲದಲ್ಲಿ ಯಾರದೋ ನಾಯಿ ನುಗ್ಗಿ ಕೆಲವನ್ನು ಸಿಗಿದು ಹಾಕಿತ್ತು, ಓಡಿಸಿದ ಭಯಕ್ಕೇ ಇನ್ನು ಕೆಲವು ಗರ್ಭ ಕಳೆದುಕೊಂಡಿದ್ದವು. ಆದ್ದರಿಂದ ಗೇಟು ಮುಚ್ಚಿರಬೇಕು, ಕುರಿಗಳ ತಂಟೆಗೆ ಯಾರೂ ಹೋಗಬಾರದು. ತೊಂದರೆಯಾದ ದಿನವೇ ವ್ಯಾನು ಹೊರಡಬೇಕು. ಇತ್ತ ನನ್ನ ಗಂಡನದೂ ಒಂದು ಷರತ್ತು. “ಅಲ್ಲಿ ಒಂಚೂರು ಹೆಚ್ಚುಕಮ್ಮಿ ಆದ್ರೂ ಅಮ್ಮನ್ನ ಮೊದಲನೇ ವಿಮಾನ ಹತ್ತಿಸಿಬಿಡ್ತೀನಿ” ಎಂದ. ಅತ್ತೆಯ ಮುಖ ಬಿಳುಚಿತು. ಜಾಗ ಹೋದರೆ ಅವರು ಒಬ್ಬರೇ ವಿಮಾನದಲ್ಲಿ, ನಾನು ಹಿಮ ಕಾಣದೆ ಲೂಕನ್ನಿನ ರೂಮಿನಲ್ಲಿ. ಇಬ್ಬರ ಜುಟ್ಟೂ ಯಜಮಾನನ ಕೈಯಲ್ಲಿತ್ತು.

ಕ್ರಿಸ್ಮಸ್ ಮುಗಿಯುತ್ತಿದ್ದಂತೆ ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಎಂದು ಸರ್ಕಾರ ಹೇಳಿತು. ಡಬ್ಲಿನ್ನಿನ ಸ್ನೋಬೋರ್ಡ್ ಹುಚ್ಚರೆಲ್ಲ ಕಿಟಕಿಯಿಂದ ಬೆಟ್ಟ ನೋಡಿ ಹೊಟ್ಟೆ ಉರಿದುಕೊಂಡರು. ನನ್ನ ಮನೆಯೋ ಬೆಟ್ಟದ ಬುಡದಲ್ಲೇ ನಾಲ್ಕು ಚಕ್ರದ ಮೇಲೆ ನಿಂತಿತ್ತು. ತುದಿಯಲ್ಲಿ ಸ್ವಲ್ಪ ಬೆಳ್ಳಗೆ ಕಂಡರೂ ಸಾಕು, ಆಫೀಸು ಶುರುವಾಗುವ ಮೊದಲು ಬೋರ್ಡು ಹೊತ್ತು ಹತ್ತುತ್ತಿದ್ದೆ. ಸಿಗುತ್ತಿದ್ದದ್ದು ಪೊದೆಗಳ ನಡುವೆ ಚಾಪೆಯಗಲದ ಹಿಮ. ಅದರ ಮೇಲೆ ನಾಲ್ಕು ಮಾರು ಜಾರಿ, ಉಳಿದದ್ದನ್ನು ಕೆಸರಿನಲ್ಲಿ ಬಿದ್ದು ಮುಗಿಸಿ ಬರುತ್ತಿದ್ದೆ. “ಎಮ್ಮೆ ಕೆರೆಯಿಂದ ಎದ್ದು ಬಂತು” ಎಂದು ಅತ್ತೆ ಬಿಸಿನೀರು ಇಡುತ್ತಿದ್ದರು. ಆಮೇಲೆ ನಾನು ಮಡಚುವ ಮೇಜಿನ ಮುಂದೆ ಕೂತು ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿದ್ದ ನನ್ನ ಆಫೀಸಿನ ಮೀಟಿಂಗಿಗೆ ಸೇರುವುದು, ಹಿಂದೆ ಕುಕ್ಕರು ಕೂಗುವುದು, ಮ್ಯಾನೇಜರ್ ಬೆಚ್ಚಿಬೀಳುವುದು. ಕಾಲು ನೀಡಿದರೆ ನನ್ನ ಪಾದ ಒಲೆಗೆ ತಾಗುತ್ತಿತ್ತು. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಸುಮ್ನೆ ಹೇಳಿಲ್ಲ ಕಣೆ ದೊಡ್ಡೋರು” ಎಂದು ಬೆಡ್‌ಶೀಟಿನ ಆ ಕಡೆಯಿಂದ ಮಾತು ಬರುತ್ತಿತ್ತು.

ಒಂದು ಬೆಳಿಗ್ಗೆ ಅಂಗಳದ ನಲ್ಲಿ ಹೆಪ್ಪುಗಟ್ಟಿತು. ಅತ್ತೆ ಬಕೆಟಿನ ಮಂಜುಗಡ್ಡೆಯನ್ನು ಸೌಟಿನಲ್ಲಿ ಒಡೆದು ಪಾತ್ರೆಗೆ ಹಾಕುತ್ತಿದ್ದಾಗಲೇ ಮಗನ ಕಾಲ್ ಬಂತು. ನೀರು ಬರುತ್ತಿದೆಯಾ ಎಂದು ಕೇಳಿದ. “ಧಾರಾಳವಾಗಿ ಬರ್ತಿದೆ ಕಣೋ” ಎಂದರು, ಸೌಟನ್ನು ಬೆನ್ನ ಹಿಂದೆ ಇಟ್ಟುಕೊಂಡು. ನಾನು ಅವರ ಮುಖವನ್ನೇ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇಬ್ಬರಿಗೂ ಸೇರಿ ಒಂದು ಕಾಲ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಸಂಕ್ರಾಂತಿಗೆ ಅತ್ತೆ ಅದೇ ಒಲೆಯ ಮೇಲೆ ಎಳ್ಳು ಹುರಿದು, ಬೆಲ್ಲ ಕೊಬ್ಬರಿ ಹೆಚ್ಚಿ, ಯಜಮಾನನಿಗೂ ಒಂದು ಡಬ್ಬಿ ಕಳಿಸಿದರು. ಅವತ್ತು ಬೇಲಿಯ ಹತ್ತಿರ ನಿಂತು ಕುರಿಗಳನ್ನೇ ನೋಡುತ್ತಿದ್ದವರು ನನ್ನನ್ನು ಕರೆದರು.

“ಇಲ್ಲೂ ಸಂಕ್ರಾಂತಿ ಮಾಡ್ತಾರೇನೆ? ಕುರಿಗೆಲ್ಲ ಕುಂಕುಮ ಇಟ್ಟಿದಾರೆ. ಆದ್ರೆ ಹಣೆ ಬಿಟ್ಟು ಹಿಂದ್ಗಡೆ ಯಾಕೆ ಇಟ್ರು?”

ಕುರಿಗಳ ಹಿಂಭಾಗದಲ್ಲಿ ಮಾಸಲು ಕೆಂಪು ಬಣ್ಣ ಇದ್ದದ್ದು ನಿಜ. ಹೇಳಲು ನನಗೆ ನಾಚಿಕೆ, ಹೇಳದಿದ್ದರೆ ಅವರು ಬಿಡುವವರಲ್ಲ. ಟಗರಿನ ಎದೆಗೆ ಬಣ್ಣ ಬಳಿದು ಹಿಂಡಿಗೆ ಬಿಡುತ್ತಾರೆ, ಯಾವ ಯಾವ ಕುರಿಯ ಜೊತೆ ಕೂಡಿತು ಎಂದು ಆಮೇಲೆ ಗೊತ್ತಾಗಬೇಕಲ್ಲ ಎಂದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೇಲಿ ಹಿಡಿದು ಭುಜ ಕುಲುಕಿಸಿದರು. ಎಷ್ಟು ಹೊತ್ತಾದರೂ ಸದ್ದು ಮಾತ್ರ ಬರಲಿಲ್ಲ.

ಮುಂದಿನ ಶನಿವಾರ ಎದ್ದಾಗ ತಗಡಿನ ಮೇಲೆ ಮಳೆಯ ಸದ್ದಿರಲಿಲ್ಲ. ಬಾಗಿಲು ಸರಿಸಿದರೆ ಅಂಗಳ, ಗೋಡೆ, ಬೇಲಿಯ ಆಚೆಯ ಮೇಲಿನ ಹೊಲ, ಅದರಾಚೆಯ ಬೆಟ್ಟ ಎಲ್ಲ ಬೆಳ್ಳಗೆ. ಕುರಿಗಳನ್ನು ಯಜಮಾನ ಮುಂಚೆಯೇ ಶೆಡ್ಡಿನ ಕೆಳಗಿನ ಗದ್ದೆಗೆ ಇಳಿಸಿದ್ದ. ಮೇಲಿನ ಹೊಲದಲ್ಲಿ ಬರೀ ನುಣುಪು ಹುಲ್ಲು, ಅದರ ಮೇಲೆ ಪಾದ ಮುಳುಗುವಷ್ಟು ಹಿಮ. ನಾನು ಬೋರ್ಡು ಹೊರಗೆಳೆದೆ. ಅತ್ತೆ ಭರಣಿ ತೆಗೆದರು.

“ಮೇಲೆ ಒಂದು ಬೊಟ್ಟು ಅಷ್ಟೇ ಅತ್ತೆ. ತಳ ಮುಟ್ಟಬೇಡಿ, ನಿಮ್ಮ ದಮ್ಮಯ್ಯ” ಎಂದು ಹೇಳಿ ನಾನು ಬೆಡ್‌ಶೀಟಿನ ಹಿಂದೆ ಪ್ಯಾಂಟು ಹಾಕಿಕೊಳ್ಳಲು ಹೋದೆ. ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಾಗ ಅದರ ಅಡಿ ನೋಡುವ ವ್ಯವಧಾನ ಯಾರಿಗಿತ್ತು?

ಹೊಲದ ತುದಿಯಲ್ಲಿ ಕೂತು ಕಾಲು ಬಿಗಿದುಕೊಂಡೆ. ಎದ್ದು ನಿಂತೆ. ಚಾಪೆಯ ಮೇಲೆ ಕಿರ್ರೆನ್ನುತ್ತಿದ್ದ ಹಲಗೆ ಇಲ್ಲಿ ಸದ್ದೇ ಮಾಡಲಿಲ್ಲ. ಹಿಮ್ಮಡಿಯ ಮೇಲೆ ಭಾರ ಹಾಕಿದರೆ ಆ ಕಡೆ, ಬೆರಳಿನ ಮೇಲೆ ಹಾಕಿದರೆ ಈ ಕಡೆ, ನಾನು ಯೋಚಿಸುವ ಮೊದಲೇ ಅದು ತಿರುಗುತ್ತಿತ್ತು. ಮುಖಕ್ಕೆ ಹಿಮದ ಪುಡಿ ಹೊಡೆಯಿತು. ನಾನು ಅಷ್ಟು ಸಂತೋಷಪಟ್ಟದ್ದು ಬದುಕಿನಲ್ಲಿ ಕಡಿಮೆ. ಹೊಲದ ಕೆಳಗೆ ಬಂದು ಮಗುಚಿ ಬಿದ್ದೆ, ಬಿದ್ದಲ್ಲೇ ಆಕಾಶ ನೋಡುತ್ತಾ ನಕ್ಕೆ. ಆಮೇಲೆ ತಲೆ ಎತ್ತಿ ಬಂದ ದಾರಿ ನೋಡಿದೆ. ಮೇಲಿನಿಂದ ಕೆಳಗಿನವರೆಗೂ ಹಿಮದ ಮೇಲೆ ಕೆಂಪು ಗೆರೆ. ಎಲ್ಲಿ ಗಾಯವಾಯಿತೋ ಎಂದು ಮೈಯೆಲ್ಲ ಮುಟ್ಟಿಕೊಂಡೆ. ಬೋರ್ಡು ಮೇಲೆತ್ತಿದಾಗ ಗೊತ್ತಾಯಿತು. ತಳದ ತುಂಬ ಎಣ್ಣೆಯಲ್ಲಿ ಕಲಸಿದ ಕುಂಕುಮ.

ಸಿಟ್ಟು ನೆತ್ತಿಗೇರುವಷ್ಟರಲ್ಲಿ ಯಜಮಾನ ಕಣ್ಣಿಗೆ ಬಿದ್ದ. ಕೆಳಗಿನ ರಸ್ತೆಯಿಂದ ಆ ಗೆರೆಯನ್ನು ನೋಡಿ, ಕೋಲು ಹಿಡಿದುಕೊಂಡು ನಮ್ಮ ವ್ಯಾನಿನ ಕಡೆ ಓಡುತ್ತಿದ್ದ. ನಾನು ಕಾಲು ಬಿಚ್ಚಿಕೊಂಡು ಬೋರ್ಡು ಹೊತ್ತು ಎದ್ದೆನೋ ಬಿದ್ದೆನೋ ಎಂದು ಅಂಗಳ ಸೇರುವ ಹೊತ್ತಿಗೆ ಅವನು ವ್ಯಾನಿನ ಬಾಗಿಲಲ್ಲಿ ಕೂಗಾಡುತ್ತಿದ್ದ.

“ನಾಯಿ ಎಲ್ಲಿ? ಯಾರು ಗೇಟು ತೆಗೆದದ್ದು? ಎಷ್ಟು ಕುರಿ ಹೋದವು? ನಾನು ಹೇಳಿದ್ದು ಒಂದೇ ಒಂದು ಮಾತು. ಸಂಜೆಯೊಳಗೆ ವ್ಯಾನು ಇಲ್ಲಿರಬಾರದು!”

ನಾಯಿಯಿಲ್ಲ, ಅದು ರಕ್ತವಲ್ಲ, ಪೂಜೆಯ ಪುಡಿ ಎಂದು ನಾನು ಇಂಗ್ಲಿಷಿನಲ್ಲಿ ಏನೇನೋ ಹೇಳಿದೆ. ಪೂಜೆ, ಕೆಂಪು, ಕುರಿ ಮೂರೂ ಒಂದೇ ಉಸಿರಿನಲ್ಲಿ ಬಂದದ್ದರಿಂದ ಅವನ ಮುಖ ಇನ್ನಷ್ಟು ಗಾಬರಿಯಾಯಿತು. ಮುಗಿಯಿತು, ಇವತ್ತೇ ಫೋನು, ನಾಳೆಯೇ ಅತ್ತೆಯ ಟಿಕೆಟ್ಟು ಎಂದುಕೊಂಡೆ.

ಅತ್ತೆ ನಿಧಾನವಾಗಿ ವ್ಯಾನಿನಿಂದ ಇಳಿದರು. ಸೀರೆಯ ಮೇಲೆ ನನ್ನ ಗಂಡನ ಕೋಟು, ತಲೆಗೆ ಮಂಕಿ ಕ್ಯಾಪು, ಕಾಲುಚೀಲದ ಮೇಲೆ ಚಪ್ಪಲಿ. ಭರಣಿಯ ಮುಚ್ಚಳ ತೆಗೆದು, ಅವನಿಗೂ ತಮಗೂ ನಡುವೆ ಹಿಮದ ಮೇಲೆ ಇಟ್ಟು, ಕೊರೋನಾ ನಿಯಮದಂತೆ ಹಿಂದಕ್ಕೆ ಸರಿದು ನಿಂತರು. “ನೋಡಪ್ಪಾ” ಎಂದರು ಕನ್ನಡದಲ್ಲೇ. ಅವನು ಮುಂದೆ ಬಂದು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದ. ಮೂಸಿದ. ನನ್ನ ಬೋರ್ಡಿನ ತಳ ನೋಡಿದ. ಕೆಳಗಿನ ಗದ್ದೆಗೆ ಹೋಗಿ ಕುರಿಗಳನ್ನೆಲ್ಲ ಎಣಿಸಿ, ಶೆಡ್ಡಿನಿಂದ ಒಂದು ಡಬ್ಬ ತಂದು ಭರಣಿಯ ಪಕ್ಕದಲ್ಲಿಟ್ಟು ತಾನೂ ಹಿಂದಕ್ಕೆ ಸರಿದ. ಟಗರಿಗೆ ಬಳಿಯುವ ಕೆಂಪು ಪುಡಿ ಅದು.

ಅತ್ತೆ ಬಗ್ಗಿ ಒಂದು ಚಿಟಿಕೆ ತೆಗೆದರು. “ಅಯ್ಯೋ, ನಮ್ಮ ಕೆಮ್ಮಣ್ಣು ಇದ್ದ ಹಾಗೇ ಇದೆ!” ಎಂದರು. ರಂಗೋಲಿಯ ಸುತ್ತ ಬಳಿಯುತ್ತಾರಲ್ಲ, ಅದು.

“ಎಲ್ಲಾ ಕುರಿಗಳೂ ಇವೆ. ಗ್ರಾಂಡ್” ಎಂದ ಯಜಮಾನ. ಆಮೇಲೆ ಟೋಪಿ ತೆಗೆದು, ಬಕ್ಕತಲೆ ಕೆರೆದುಕೊಂಡು, ನಗಲು ಶುರುಮಾಡಿದ. ವ್ಯಾನು ಇದ್ದಲ್ಲೇ ಇರಲಿ ಎಂದ. ನನಗೆ ಅಳು ಬಂತು.

ಅತ್ತೆಗೆ ಆಗ ಇನ್ನೊಂದು ಆಸೆ ಹುಟ್ಟಿತು. ಕೆಂಪು ಎಲ್ಲಿಯವರೆಗೆ ಬಂದಿದೆ, ನೋಡಬೇಕು ಎಂದರು. ಯಜಮಾನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲಿನ ಹೊರೆ ಹಾಕಿ ಅವರನ್ನು ಕೂರಿಸಿ ಮೇಲಿನ ಹೊಲಕ್ಕೆ ಕರೆದೊಯ್ದ, ನಾನು ಬೋರ್ಡು ಹೊತ್ತು ಹಿಂದೆ ಹೋದೆ. ಗೆರೆಯ ಪಕ್ಕ ನಿಂತು ಬಹಳ ಹೊತ್ತು ನೋಡಿದ ಅತ್ತೆ, ನನ್ನ ಬೋರ್ಡನ್ನು ಕಾಲಿನಿಂದ ತಟ್ಟಿದರು.

“ಇದ್ರಲ್ಲಿ ಕೂತ್ಕೊಂಡು ಹೋಗಕ್ಕಾಗಲ್ವಾ?”

“ಬೇಡ ಅತ್ತೆ! ಏನಾದ್ರೂ ಆದ್ರೆ ನಿಮ್ಮ ಮಗನಿಗೆ ನಾನೇನು ಹೇಳ್ಲಿ?”

“ಅವನಿಗ್ಯಾಕೆ ಹೇಳ್ತೀಯ?” ಎಂದರು.

ಹೊಲದ ಕೆಳಭಾಗ ಹೆಚ್ಚು ಇಳಿಜಾರಿಲ್ಲ. ಯಜಮಾನ ಬೋರ್ಡಿನ ಪಟ್ಟಿಗೆ ಹಗ್ಗ ಕಟ್ಟಿ ಹಿಂದೆ ಹಿಡಿದುಕೊಂಡ. ಅತ್ತೆ ಕೋಟನ್ನೂ ಸೆರಗನ್ನೂ ಸೇರಿಸಿ ಬಿಗಿಯಾಗಿ ಸಿಕ್ಕಿಸಿ, ಕಾಲು ಮುಂದೆ ಚಾಚಿ ಕೂತು, ಎರಡೂ ಕೈಯಿಂದ ಬೋರ್ಡಿನ ಅಂಚು ಹಿಡಿದರು. ನಾನು ಮುಂದಿನ ತುದಿ ಹಿಡಿದು ಪಕ್ಕದಲ್ಲಿ ಓಡಿದೆ. ಹತ್ತು ಹೆಜ್ಜೆಗೇ ಕಾಲು ಜಾರಿ ಮುಗ್ಗರಿಸಿದೆ, ಕೈ ಬಿಟ್ಟುಹೋಯಿತು. ಹಿಮದಲ್ಲಿ ಮುಖ ಹೂತು ಬಿದ್ದಿದ್ದಾಗ ನನಗೆ ಒಂದು ಸದ್ದು ಕೇಳಿಸಿತು. ಯಾರೋ ನಗುತ್ತಿದ್ದರು. ಗಟ್ಟಿಯಾಗಿ, ಗೊರಗೊರ ಎಂದು, ಉಸಿರು ಸಿಕ್ಕದ ಹಾಗೆ. ತಲೆ ಎತ್ತಿದರೆ ಅತ್ತೆ ಜಾರುತ್ತಿದ್ದರು, ಹಿಂದೆ ಹಗ್ಗ ಹಿಡಿದು ಯಜಮಾನ ಓಡುತ್ತಿದ್ದ, ಕೆಳಗಿನ ಗದ್ದೆಯಲ್ಲಿ ಕುರಿಗಳೆಲ್ಲ ಕತ್ತೆತ್ತಿ ನೋಡುತ್ತಿದ್ದವು.

ಕೈಹಿಡಿದು ಎಬ್ಬಿಸಿದಾಗ ಅವರ ಕಣ್ಣಲ್ಲಿ ನೀರಿತ್ತು. “ನಾನಿರೋ ತನಕ ಅವನಿಗೆ ಹೇಳ್ಬೇಡ. ಆಮೇಲೆ ಬೇಕಾದ್ರೆ ಊರಿಗೆಲ್ಲ ಡಂಗುರ ಸಾರು” ಎಂದರು.

ನಾನು ಮನಸ್ಸಿನಲ್ಲೇ ನಕ್ಕೆ. ಎಳ್ಳುಕಾಳು ನೆನೆಯದ ಬಾಯಿ, ನಾಳೆ ಬೆಳಿಗ್ಗೆಯವರೆಗೂ ತಡೆಯುವುದಿಲ್ಲ ಎಂದುಕೊಂಡೆ. ಮರುದಿನ ಕಾಲ್ ಬಂದಾಗ ಬೆಡ್‌ಶೀಟಿನ ಹಿಂದೆ ಕಿವಿಗೊಟ್ಟು ಕೂತೆ. “ಏನಿಲ್ಲ ಕಣೋ, ಅದೇ ಚಳಿ, ಒಳಗೇ ಕೂತಿದೀವಿ” ಎಂದರು.

ಆ ಚಳಿಗಾಲದಲ್ಲಿ ಬೆರಳೆಣಿಕೆಯ ಬೆಳಿಗ್ಗೆಗಳಲ್ಲಿ ಮತ್ತೆ ಹಿಮ ಬಿತ್ತು. ಪ್ರತಿ ಸಲ ಅತ್ತೆ ಬೋರ್ಡಿನ ಮೇಲೆ ಒಂದೇ ಬೊಟ್ಟು ಇಟ್ಟು, ತಳ ಮುಟ್ಟಲಿಲ್ಲ ನೋಡು ಎಂದು ತಿರುಗಿಸಿ ತೋರಿಸುತ್ತಿದ್ದರು. ಯಜಮಾನ ಕೊಟ್ಟ ಕೆಂಪು ಪುಡಿಯಲ್ಲಿ ವ್ಯಾನಿನ ಬಾಗಿಲ ಮುಂದೆ ರಂಗೋಲಿಗೆ ಅಂಚು ಎಳೆಯುತ್ತಿದ್ದರು. ಮರಿಗಳು ಹುಟ್ಟಿದವು. ಬೇಸಿಗೆಯಲ್ಲಿ ನನ್ನ ಗಂಡನಿಗೆ ವೀಸಾ ಬಂತು, ಆಮೇಲೆ ಅವನೇ ಅಮ್ಮನನ್ನು ಮೈಸೂರಿಗೆ ಬಿಟ್ಟುಬಂದ. ಬೆಡ್‌ಶೀಟು ಬಿಚ್ಚಿದ ದಿನ ವ್ಯಾನು ನನಗೆ ಇಷ್ಟವಾಗಲಿಲ್ಲ. ಈಗಲೂ ತಗಡಿನ ಮೇಲೆ ಮಳೆ ಬಿದ್ದರೆ ಆ ಕಡೆಯಿಂದ ಏನಾದರೂ ಗಾದೆ ಬರುತ್ತದೇನೋ ಎಂದು ಕಾಯುತ್ತೇನೆ.

ಹೋದ ವರ್ಷ ಅತ್ತೆ ಮೈಸೂರಿನಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಊಟ ಮುಗಿದು ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅವರ ಮಾತೇ ಆಡುತ್ತಿದ್ದರು. ನನ್ನ ಗಂಡ ಕಂಬಕ್ಕೆ ಒರಗಿ ಕೂತಿದ್ದ. “ಪಾಪ, ಅಮ್ಮ ಅಷ್ಟು ದೂರ ಬಂದು ಏನೂ ನೋಡ್ಲಿಲ್ಲ. ಒಂದು ಚಳಿಗಾಲ ಪೂರ್ತಿ ವ್ಯಾನೊಳಗೆ ಮುದುರ್ಕೊಂಡು ಕೂತಿದ್ಲು” ಎಂದ.

ಹಾಗಾದರೆ ಅವರು ಹೇಳಲೇ ಇಲ್ಲ. ಇಷ್ಟು ವರ್ಷ, ದಿನಾ ಬೆಳಿಗ್ಗೆ ಮಗನ ಜೊತೆ ಮಾತಾಡಿಯೂ ಹೇಳಲಿಲ್ಲ. ನಾನು ಅವನನ್ನು ಮಹಡಿಗೆ ಕರೆದುಕೊಂಡು ಹೋದೆ. ಒಣಹಾಕಿದ ಪಂಚೆಗಳ ನಡುವೆ ನಿಂತು ಕುಂಕುಮ, ಯಜಮಾನ, ಹಗ್ಗ, ಆ ನಗು ಎಲ್ಲ ಹೇಳಿದೆ.

“ಬಿದ್ಲಾ?” ಎಂದ ಕೊನೆಗೆ.

“ಇಲ್ಲ. ಬಿದ್ದಿದ್ದು ನಾನು.”

ಅವನು ನನ್ನ ಕಡೆ ತಿರುಗಿದ. “ಗಟ್ಟಿಯಾಗಿ ನಕ್ಳಾ? ಸೆರಗು ಅಡ್ಡ ಹಿಡ್ಕೊಳ್ಲಿಲ್ವಾ?”

“ಎರಡೂ ಕೈಯಲ್ಲಿ ಬೋರ್ಡ್ ಹಿಡ್ಕೊಂಡಿದ್ರಲ್ಲ” ಎಂದೆ. “ಕೈ ಖಾಲಿ ಇರ್ಲಿಲ್ಲ.”

ಅವನು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಮೊದಲಿಂದ ಹೇಳು ಎಂದ.